ನಡುವಿನ ದನಿ

ಪರ್ಸಿನ ಒಳಖಾನೆಯಲ್ಲಿ ಚೀಟಿ ಇದೆಯೋ ಇಲ್ಲವೋ ಎಂದು ರಾಜೇಶ್ವರಿ ಬಸ್ಸು ಉಣಕಲ್ ದಾಟುವುದರೊಳಗೆ ಮೂರನೆಯ ಸಲ ಮುಟ್ಟಿ ನೋಡಿಕೊಂಡಳು. ಇತ್ತು. ಗ್ರಾಫ್ ಹಾಳೆಯಿಂದ ಅಳತೆಗೆ ಸರಿಯಾಗಿ ಕತ್ತರಿಸಿದ ತುಂಡು, ಅದರ ಮೇಲೆ ಗಂಡ ಬಸವಕಿರಣನ ದುಂಡು ಅಕ್ಷರ: ನಾಲ್ಕು ಇಂಚಿನ ಸ್ಪೀಕರ್, ಎಂಟು ಓಮ್, ಹಿಂಬದಿ ಮುಚ್ಚಿದ್ದು, ಎರಡು ಬೇಕು. ಕೆಳಗೆ ಮಾಡೆಲ್ಲಿನ ನಂಬರು. ಅದರ ಕೆಳಗೆ, ಅಡಿಗೆರೆ ಎಳೆದು, ‘ಬೇರೆ ಯಾವುದೂ ಬೇಡ’. ಒಂದು ಗೆರೆ ಎಳೆದಿದ್ದರೆ ಅಂಗಡಿಯವನಿಗೆ ಹೇಳಿದ ಮಾತು ಎಂದುಕೊಳ್ಳಬಹುದಿತ್ತು. ಎರಡು ಎಳೆದಿದ್ದ. ಎರಡನೆಯದು ತನಗೇ ಎಂದು ಅವಳಿಗೆ ಅನ್ನಿಸಿ ಕಿವಿ ಬಿಸಿಯಾಗಿತ್ತು. ಆದರೂ ಸಿಟ್ಟು ಬಂದಿರಲಿಲ್ಲ. ಬೆಳಿಗ್ಗೆಯಿಂದ ಮೈಯಲ್ಲೆಲ್ಲ ಒಂದು ಹುರುಪು ಹರಿದಾಡುತ್ತಿತ್ತು. ಸಾಮಾನು ತರಲು ಒಬ್ಬಳೇ ಪೇಟೆಗೆ ಹೊರಟ ಹೆಂಗಸಿಗೆ ಇಷ್ಟು ಹುರುಪು ಯಾಕೆ ಎಂದು ಅವಳಿಗೇ ನಗು ಬಂತು.

ಎಂಟು ತಿಂಗಳಿಂದ ಮನೆಯ ಪಡಸಾಲೆಯಲ್ಲಿ ಎದೆಯೆತ್ತರದ ಎರಡು ಕಟ್ಟಿಗೆಯ ಡಬ್ಬಿಗಳು ನಿಂತಿದ್ದವು. ಬಸವಕಿರಣ ತಾರಿಹಾಳದ ಒಂದು ಕಾರ್ಖಾನೆಯಲ್ಲಿ, ತಯಾರಾದ ವಾಲ್ವುಗಳನ್ನು ಅಳೆದು ಸರಿ ತಪ್ಪು ಹೇಳುವ ಕೆಲಸದವನು. ಕೂದಲೆಳೆಯಷ್ಟು ಹೆಚ್ಚುಕಡಿಮೆಯಾದರೂ ಎತ್ತಿ ಪಕ್ಕಕ್ಕಿಡುವುದು ಅವನ ದಿನದ ನೌಕರಿ. ಸಂಜೆ ಮನೆಗೆ ಬಂದವನು ಅದೇ ಕೈಯಿಂದ ಸ್ಪೀಕರ್ ಕಟ್ಟುತ್ತಿದ್ದ. ಒಂದೊಂದು ಡಬ್ಬಿಗೂ ಮೂರು ಬಾಯಿ. ಕೆಳಗೆ ತಟ್ಟೆಯಗಲದ್ದು, ಡೋಲಿನ ಗುಡುಗಿಗೆ. ಮೇಲೆ ರೂಪಾಯಿಯಗಲದ್ದು, ತಾಳದ ಕಿಣಿಕಿಣಿಗೆ. ಇವೆರಡೂ ಬಂದು ಕೂತಿದ್ದವು. ಇವುಗಳ ನಡುವಿನದು ಮಾತ್ರ ಖಾಲಿ. ಮನುಷ್ಯರ ಮಾತೆಲ್ಲ ಬರುವುದು ಅದರಿಂದಲೇ ಎಂದು ಅವನೇ ಹೇಳಿದ್ದ. ಮೊದಲು ತಂದು ಹಾಕಿದ ಅಗ್ಗದ್ದು ಕೊಡದೊಳಗೆ ತಲೆಯಿಟ್ಟು ಮಾತಾಡಿದ ಹಾಗೆ ಕೇಳಿತು. ಆಮೇಲೆ ನೋಡಿದ್ದರ ಬೆಲೆ ಕೇಳಿ ಅಂಗಡಿಯಿಂದ ಹಾಗೇ ಎದ್ದು ಬಂದ. ಅಂದಿನಿಂದ ಆ ತೂತುಗಳಿಗೆ ರಟ್ಟು ಮುಚ್ಚಿಟ್ಟು, ಪತ್ರಿಕೆಗಳಲ್ಲಿ ಬಂದ ಗ್ರಾಫುಗಳನ್ನು ಒಂದರ ಪಕ್ಕ ಒಂದಿಟ್ಟು ನೋಡುತ್ತ ಕೂತಿದ್ದ. ಕಾರ್ಖಾನೆಯ ಗೆಳೆಯರು, ನಿನ್ನ ಡಬ್ಬಿಗೆ ಹೊಟ್ಟೆ ಇದೆ, ತಲೆ ಇದೆ, ಗಂಟಲೇ ಇಲ್ಲ ಎಂದು ನಗೆಯಾಡಿದರು. ಅದಕ್ಕೇ ಹಟ ಹಿಡಿದು ನಾಲ್ವರನ್ನು ನಾಳೆ ಭಾನುವಾರ ಊಟಕ್ಕೆ ಕರೆದಿದ್ದ, ಊಟಕ್ಕಿಂತ ಹೆಚ್ಚಾಗಿ ಕೇಳುವುದಕ್ಕೆ. ಇವತ್ತು ಲಾರಿ ತುಂಬುವ ದಿನ, ರಜೆ ಸಿಗಲಿಲ್ಲ. ಅದಕ್ಕಾಗಿ ಚೀಟಿ, ಅದಕ್ಕಾಗಿ ಅವಳು. ಹಿಂದೊಮ್ಮೆ ಅದೇ ಗೆಳೆಯರ ಮುಂದೆ ಅವಳು, ಮೊದಲಿನ ಸ್ಪೀಕರಿನಲ್ಲಿ ಹಾಡುವವರಿಗೆ ನೆಗಡಿಯಾದಂತಿದೆ ಎಂದಾಗ ಅವನು ನಕ್ಕು, ಇವಳಿಗೆ ಕುಕ್ಕರಿನ ಸೀಟಿ ಎಷ್ಟಾಯಿತು ಅನ್ನುವುದು ಮಾತ್ರ ಸರಿಯಾಗಿ ಕೇಳುತ್ತದೆ ಎಂದಿದ್ದ. ಚಹಾದ ಕಪ್ಪುಗಳನ್ನು ಎತ್ತಿಕೊಂಡು ಒಳಗೆ ಹೋಗಿದ್ದಳು. ಒಂದು ವಾರದ ಮೇಲೆ ಅವನೇ ಆ ಸ್ಪೀಕರನ್ನು ಬಿಚ್ಚಿದ.

ದುರ್ಗದಬೈಲಿನ ಹಿಂದಿನ ಓಣಿಯಲ್ಲಿ ಶಾಂತಯ್ಯನ ಅಂಗಡಿ. ನೆಲದಿಂದ ಮಾಳಿಗೆಯತನಕ ಸ್ಪೀಕರುಗಳು. ಶಾಂತಯ್ಯ ಅವಳನ್ನು ನೋಡಿದ, ಅವಳ ಬೆನ್ನ ಹಿಂದೆ ನೋಡಿದ, ಯಜಮಾನರು ಬರಲಿಲ್ಲವೇ ಎಂದು ಕೇಳಿದ. ಚೀಟಿ ಓದಿ, ತೆಗೆದಿಟ್ಟಿದ್ದ ಎರಡು ಪೆಟ್ಟಿಗೆಗಳನ್ನು ಮುಂದಿಟ್ಟು ದಾರದ ಉಂಡೆಗೆ ಕೈ ಹಾಕಿದ. ಅಷ್ಟಕ್ಕೇ ಕೆಲಸ ಮುಗಿಯುತ್ತಿತ್ತು. ಒಂದು ಸಲ ಕೇಳಿಸಿರಿ ಎಂಬ ಮಾತು ತನ್ನ ಬಾಯಿಂದ ಬಂದದ್ದು ಅವಳಿಗೇ ಆಶ್ಚರ್ಯವಾಯಿತು. ಕೇಳಿದರೆ ನಿಮಗೇನು ತಿಳಿಯುತ್ತದೆ ಅಕ್ಕಾರ, ಯಜಮಾನರು ಎಲ್ಲ ಲೆಕ್ಕ ಹಾಕಿಯೇ ಬರೆದಿದ್ದಾರೆ ಎಂದು ಶಾಂತಯ್ಯ ಮೃದುವಾಗಿಯೇ ಹೇಳಿದ. ಪಕ್ಕದಲ್ಲಿ ವೈರು ಕೊಳ್ಳಲು ಬಂದಿದ್ದ ಇಬ್ಬರು ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಅವಳು ಕದಲಲಿಲ್ಲ. ಟೆಲಿಫೋನ್ ಆಫೀಸಿನ ಬಿಲ್ಲಿನ ಕಿಟಕಿಯಲ್ಲಿ ಕೂತು ಒಂದು ವರ್ಷದಿಂದ ಕಲಿತದ್ದು ಅದೊಂದೇ, ಕದಲದೆ ಇರುವುದು. ಕೊನೆಗೆ ಶಾಂತಯ್ಯ ತೂತುಗಳಿದ್ದ ಒಂದು ಹಲಗೆಗೆ ಸ್ಪೀಕರ್ ಒರಗಿಸಿ ವೈರು ಸಿಕ್ಕಿಸಿ ಕ್ಯಾಸೆಟ್ ಹಾಕಿದ. ಯಾವುದೋ ಸಿನಿಮಾದ್ದು. ಝಲ್ಲೆಂದಿತು, ಚೆನ್ನಾಗಿಯೇ ಇತ್ತು.

“ಹಾಡು ಬ್ಯಾಡ್ರಿ,” ಎಂದಳು. “ಮಾತು ಹಾಕ್ರಿ. ಬರೇ ಮಾತು.”

ಇಬ್ಬರಲ್ಲಿ ಒಬ್ಬ ನಕ್ಕ. ಶಾಂತಯ್ಯ ನಗಲಿಲ್ಲ. ರೇಡಿಯೋದ ಮುಳ್ಳು ತಿರುಗಿಸಿದ. ಯಾರೋ ರೈತನೊಬ್ಬನನ್ನು ಕೂರಿಸಿಕೊಂಡು ಮೆಣಸಿನ ಗಿಡದ ಎಲೆ ಮುರುಟುವ ರೋಗದ ಬಗ್ಗೆ ಕೇಳುತ್ತಿದ್ದರು. ರಾಜೇಶ್ವರಿ ಕಣ್ಣು ಮುಚ್ಚಿದಳು. ಚೀಟಿಯ ಸ್ಪೀಕರು ಶುದ್ಧವಾಗಿತ್ತು. ಒಂದೊಂದು ಅಕ್ಷರವೂ ತೊಳೆದಿಟ್ಟ ಪಾತ್ರೆಯ ಹಾಗೆ. ಆದರೂ ಏನೋ ಇರಲಿಲ್ಲ. ಮನೆಯ ಎಲ್ಲರೂ ಇದ್ದು ಒಬ್ಬರು ಮಾತ್ರ ಎದ್ದು ಹೋದ ಕೋಣೆಯಂತಿತ್ತು. ಯಾರು ಎದ್ದು ಹೋದರು? ಮುಚ್ಚಿದ ಕಣ್ಣೊಳಗೆ ಬೋರ್ಡು ಬಂದು ನಿಂತಿತು. ಊರೂರಿನ ಕರೆಗಳನ್ನು ಅವಳು ಕೂಡಿಸಿ ಕೊಡುತ್ತಿದ್ದ ಟೆಲಿಫೋನ್ ಆಫೀಸಿನ ಟ್ರಂಕ್ ಬೋರ್ಡು, ಸಾಲು ಸಾಲು ತೂತು, ತುದಿಗೆ ಹಿತ್ತಾಳೆಯ ಮೂತಿಯಿದ್ದ ಹಗ್ಗಗಳು, ತಲೆಗೆ ಬಿಗಿದ ಪಟ್ಟಿ, ಎಡಗಿವಿಗೆ ಒತ್ತಿಕೊಂಡ ಬಿಲ್ಲೆ. ಹೋದ ವರ್ಷ ಬೋರ್ಡು ಮುಚ್ಚಿ ಅವಳನ್ನು ಬಿಲ್ಲಿನ ಕಿಟಕಿಗೆ ಹಾಕುವ ತನಕ, ಹದಿನಾರು ವರ್ಷ ಆ ಬಿಲ್ಲೆಯಿಂದ ಗುಡುಗೂ ಬಂದಿರಲಿಲ್ಲ, ತಾಳವೂ ಬಂದಿರಲಿಲ್ಲ. ಬಂದದ್ದೆಲ್ಲ ನಡುವಿನದೇ, ಬರೀ ಗಂಟಲು. ಗದುಗಿನ ಹತ್ತಿಯವರು, ಸೊಲ್ಲಾಪುರದ ಬೀಗರು, ಹೆರಿಗೆಯ ಸುದ್ದಿ, ಸಾವಿನ ಸುದ್ದಿ. ಮಾತು ಶುರುವಾಗುವ ಮೊದಲೇ ಅವಳಿಗೆ ತಿಳಿಯುತ್ತಿತ್ತು. ಮಾತಿಗೆ ಮುಂಚೆ ಜನ ಉಸಿರು ತೆಗೆದುಕೊಳ್ಳುತ್ತಾರೆ. ಒಳ್ಳೆಯ ಸುದ್ದಿಗೆ ಒಂದು ಥರ, ಕೆಟ್ಟದ್ದಕ್ಕೆ ಒಂದು ಥರ. ಈ ಸ್ಪೀಕರಿನಲ್ಲಿ ಇಲ್ಲದ್ದು ಅದೇ. ಮೆಣಸಿನಕಾಯಿಯ ರೈತ ಉಸಿರಾಡುತ್ತಲೇ ಇರಲಿಲ್ಲ.

ಸತ್ಯವ್ವನೂ ಉಸಿರು ತೆಗೆದುಕೊಂಡಿದ್ದಳು. ಹನ್ನೆರಡು ವರ್ಷದ ಹಿಂದೆ, ಒಂದು ಮಧ್ಯಾಹ್ನ, ನವಲಗುಂದದ ಅಂಚೆ ಕಚೇರಿಯಿಂದ ಮುಂಬಯಿಯ ಮಗನಿಗೆ ಫೋನು ಮಾಡಿದಾಗ. ಎಮ್ಮೆ ಈದದ್ದು, ಪಕ್ಕದ ಮನೆಯ ಮದುವೆ, ಮಳೆ ಎಂದು ಎರಡೂಮುಕ್ಕಾಲು ನಿಮಿಷ ಕಳೆದು, ಆಮೇಲೆ, ತಡಿಯಪ್ಪಾ ಒಂದು ಮಾತೈತಿ ಎಂದು ಉಸಿರೆಳೆದುಕೊಂಡಳು. ಅವಳು ದುಡ್ಡು ಕೊಟ್ಟದ್ದು ಮೂರು ನಿಮಿಷಕ್ಕೆ ಮಾತ್ರ. ಬೋರ್ಡಿನ ಹಿಂದೆ ಮೇಲ್ವಿಚಾರಕಿ ತಾರಾಬಾಯಿ ನಿಂತಿದ್ದಳು. ಕರೆಗಳನ್ನು ಹೊತ್ತು ಮೀರಿ ಸಡಿಲ ಬಿಡುತ್ತೀ ಎಂದು ಅದೇ ವಾರ ರಾಜೇಶ್ವರಿಗೆ ಎಲ್ಲರೆದುರು ಮೆಮೋ ಕೊಟ್ಟಿದ್ದಳು. ಮೂರು ನಿಮಿಷ ಆತ್ರಿ ಎಂದು ರಾಜೇಶ್ವರಿ ಹಗ್ಗ ಎಳೆದು ಕರೆ ಕಡಿದಳು. ಎಳೆದ ಮೇಲೂ ಕಿವಿಯಲ್ಲಿ ಆ ಉಸಿರು ಇತ್ತು, ಅದರ ಮುಂದಿನ ಮಾತು ಇರಲಿಲ್ಲ. ಸತ್ಯವ್ವ ಮತ್ತೆ ಅವಳ ಬೋರ್ಡಿಗೆ ಬರಲಿಲ್ಲ.

“ಇನ್ನೊಂದ ಯಾವುದಾರ ಐತೇನ್ರಿ?” ಎಂದು ಕಣ್ಣು ತೆರೆದು ಕೇಳಿದಳು.

ಒಂದಾದ ಮೇಲೊಂದು ನಾಲ್ಕು ಕೇಳಿದಳು. ಒಂದು ಮೂಗಿನಲ್ಲಿ ಮಾತಾಡಿತು, ಒಂದು ತಗಡು. ಐದನೆಯದು ಮೇಲಿನ ಅರೆಯಲ್ಲಿ ಧೂಳು ಹಿಡಿದು ಕೂತಿತ್ತು. ಕಪ್ಪು ಕಾಗದದ ಕೋನು, ಅಂಚಿಗೆ ಬಟ್ಟೆಯ ಪಟ್ಟಿ, ಹಿಂದೆ ಮುಚ್ಚಳವಿಲ್ಲ. ಕೊಲ್ಲಾಪುರದ ಕಡೆ ಯಾರೋ ಮಾಡಿದ್ದು, ಭಜನಾ ಮಂಡಳಿಯವರು ಒಯ್ಯುತ್ತಾರೆ, ಯಜಮಾನರು ಬರೆದದ್ದರ ಅರ್ಧ ಬೆಲೆಯೂ ಇಲ್ಲ, ನಿಮಗಲ್ಲ ಎಂದು ಹೇಳುತ್ತಲೇ ಶಾಂತಯ್ಯ ವೈರು ಸಿಕ್ಕಿಸಿದ. ರೈತ ಅಂಗಡಿಯೊಳಗೆ ಬಂದ. ಬಂದು ಎದುರಿಗೇ ಕೂತ. ಅವನ ಮುಂದಿನ ಹಲ್ಲೊಂದು ಇರಲಿಲ್ಲ, ‘ಸ’ ಅನ್ನುವಾಗ ಗಾಳಿ ಸೋರುತ್ತಿತ್ತು. ಪ್ರಶ್ನೆ ಕೇಳಿದವರ ಕಡೆ ಮುಖ ತಿರುಗಿಸಿದರೆ ತಿರುಗಿಸಿದ್ದು ತಿಳಿಯುತ್ತಿತ್ತು. ಎಷ್ಟು ಗಿಡ ಹೋದವು ಎಂದು ಕೇಳಿದರು. ಅವನು ಉಸಿರೆಳೆದುಕೊಂಡ. ಅದನ್ನು ಕೇಳಿ ರಾಜೇಶ್ವರಿಯ ತೋಳಿನ ರೋಮಗಳೆಲ್ಲ ಎದ್ದವು. ಎಲ್ಲಾ ಹೋದುವು ಅನ್ನುತ್ತಾನೆ ಎಂದುಕೊಂಡಳು.

“ಎಲ್ಲಾ ಹೋದೂರಿ,” ಎಂದ ರೈತ.

ಅವಳಿಗೆ ನಗು ಬಂತು, ಪಾಪ ಅವನ ಬೆಳೆ ಹೋದದ್ದಕ್ಕೆ ನಗುತ್ತಿದ್ದೇನಲ್ಲ ಎಂದು ನಾಚಿಕೆಯೂ ಆಯಿತು. ಪರ್ಸಿನೊಳಗೆ ಚೀಟಿ, ಚೀಟಿಯಲ್ಲಿ ಎರಡು ಗೆರೆ. ಚೀಟಿಯದನ್ನು ಒಯ್ದು ಕೊಟ್ಟರೆ ತಪ್ಪೇನಾದರೂ ಬಂದರೂ ಅದು ಅವನ ತಪ್ಪು. ಇದನ್ನು ಒಯ್ದರೆ ಸರಿಯಾದರೂ ತನ್ನ ತಪ್ಪೇ. ಹೀಗೆ ಯೋಚಿಸುತ್ತಿದ್ದಾಗಲೇ ಬಾಯಿ, ಇವುಗಳಲ್ಲೇ ಎರಡು ಕಟ್ಟಿರಿ ಎಂದು ಹೇಳಿಬಿಟ್ಟಿತ್ತು. ಶಾಂತಯ್ಯ ಈಗ ಗಂಡಸರಿಗೆ ಹೇಳುವಂತೆ ಹೇಳತೊಡಗಿದ. ಹಿಂದೆ ಸಣ್ಣದೊಂದು ಕಟ್ಟಿಗೆಯ ಡಬ್ಬಿ ಬೇಕೇಬೇಕು, ಇಲ್ಲದಿದ್ದರೆ ದೊಡ್ಡ ಸ್ಪೀಕರಿನ ಗಾಳಿ ಇದನ್ನು ಒದೆಯುತ್ತದೆ, ಒಳಗೆ ಅರಳೆ ತುಂಬಿರಿ. ಉಳಿದೆರಡಕ್ಕಿಂತ ಇದರ ದನಿ ದೊಡ್ಡದು, ಸ್ವಲ್ಪ ತಗ್ಗಿಸಬೇಕಾಗುತ್ತದೆ, ಅದು ಯಜಮಾನರಿಗೆ ಗೊತ್ತಿರುತ್ತದೆ. ದಾರ ಕಟ್ಟಿ ಕೊಡುತ್ತ, ನಾನೂ ಈ ಅಂಗಡಿ ತೆರೆದು ಇಷ್ಟು ವರ್ಷವಾಯಿತು, ಮಾತು ಹಾಕಿ ಅಂದವರು ಯಾರೂ ಇಲ್ಲ ಎಂದ.

ತೊಡೆಯ ಮೇಲೆ ಪೆಟ್ಟಿಗೆಯಿಟ್ಟುಕೊಂಡು ಬಸ್ಸಿನಲ್ಲಿ ಕೂತವಳು ವಿದ್ಯಾನಗರದ ತನಕ ಹಾಗೇ ಹಿಗ್ಗುತ್ತಿದ್ದಳು. ವಿದ್ಯಾನಗರದಲ್ಲಿ ಪೆಟ್ಟಿಗೆಯ ಮೇಲಿನ ಬರಹ ಓದಿದಳು. ಐದು ಇಂಚು. ಮನೆಯ ಡಬ್ಬಿಯ ತೂತು ನಾಲ್ಕೇ ಇಂಚು. ಎಂಟು ತಿಂಗಳು ಉಜ್ಜಿ, ಪಾಲಿಶ್ ಮಾಡಿ, ಕೈಯ ಬೆವರು ತಾಗೀತೆಂದು ಅವಳನ್ನು ಒರೆಸಲೂ ಬಿಡದ ತೇಗದ ಮೈ. ಹಿಂದಿರುಗಿ ಹೋಗಿ ಬದಲಾಯಿಸಿಕೊಂಡು ಬರಬಹುದಿತ್ತು, ಹೊತ್ತಿತ್ತು. ಬಸ್ಸು ಉಣಕಲ್ಲಿನಲ್ಲಿ ನಿಂತಿತು, ಅವಳು ಇಳಿಯಲಿಲ್ಲ. ನವನಗರದಲ್ಲಿ ನಿಂತಿತು, ಇಳಿಯಲಿಲ್ಲ. ರಾಯಾಪುರದಲ್ಲಿ ಇಳಿದವಳು ಮನೆಗೆ ಹೋಗದೆ ನೇರ ಬಡಿಗ ಯಾಕೂಬಸಾಬನ ಅಡ್ಡೆಗೆ ನಡೆದಳು. ಹೆಜ್ಜೆಗಳು ಓಡುತ್ತಿದ್ದವು. ನಲವತ್ತೊಂದು ವಯಸ್ಸಿನವಳು ಹೀಗೆ ಓಡಬಾರದು ಎಂದುಕೊಂಡು ಮತ್ತೆ ಓಡಿದಳು.

ಡಬ್ಬಿಗಳಿಗೆ ಹಲಗೆ ಕೊಯ್ದು ಕೊಟ್ಟವನು ಯಾಕೂಬಸಾಬನೇ. ಮನೆಗೆ ಬಂದು, ತೂತಿನ ಸುತ್ತ ಬೆರಳಾಡಿಸಿ, ಗರಗಸವನ್ನು ಕೆಳಗಿಟ್ಟ.

“ಸಾಹೇಬ್ರನ್ನ ಕೇಳೀರೇನ್ರಿ ಅಕ್ಕಾರ?”

“ಅವರಽ ಹೇಳ್ಯಾರ,” ಎಂದಳು. ಸುಳ್ಳು ಎಷ್ಟು ಸರಾಗ ಬಂತೆಂದರೆ ಹೇಳುವ ಮುಂಚೆ ಉಸಿರು ಕೂಡ ತೆಗೆದುಕೊಂಡಿರಲಿಲ್ಲ.

ಯಾಕೂಬಸಾಬ ಮತ್ತೆ ಗರಗಸ ಎತ್ತಿಕೊಂಡು, ಮೊದಲು ಒಂದೇ ಡಬ್ಬಿ ಮಾಡೋಣ ಎಂದ. ಸಣ್ಣ ಗರಗಸದ ಹಲ್ಲು ತೇಗಕ್ಕೆ ಕೂತಾಗ ಅವಳು ಬಾಗಿಲ ಚೌಕಟ್ಟು ಹಿಡಿದು ನಿಂತಿದ್ದಳು. ಕೆಂಪು ಹುಡಿ ಉದುರಿತು. ತೇಗದ ವಾಸನೆ ಮನೆ ತುಂಬಿತು. ಅಳಬೇಕೆನ್ನಿಸಿತು, ಹಾಡಬೇಕೆಂದೂ ಅನ್ನಿಸಿತು. ಅವನು ಚಹಾ ಪುಡಿಯ ಪೆಟ್ಟಿಗೆಯ ಹಳೆಯ ಪ್ಲೈವುಡ್ಡಿನಲ್ಲಿ ಸ್ಪೀಕರಿನ ಹಿಂದೆ ಕೂರುವ ಸಣ್ಣ ಡಬ್ಬಿ ಬಡಿದು ಕೊಟ್ಟ. ಅವಳು ಹೊಸ ದಿಂಬಿನ ಹೊಲಿಗೆ ಬಿಚ್ಚಿ ಅರಳೆ ತೆಗೆದು ಬಿಡಿಸಿ ಬಿಡಿಸಿ ತುಂಬಿದಳು. ಸ್ಪೀಕರು ತೂತಿನಲ್ಲಿ ಕೂತಿತು. ನೇತಾಡುತ್ತಿದ್ದ ಎರಡು ವೈರುಗಳಲ್ಲಿ ಕೆಂಪನ್ನು ಕೆಂಪಿಗೆ ಸಿಕ್ಕಿಸಿದಳು. ಅಷ್ಟರಲ್ಲಿ ಹೊರಗೆ ಸ್ಕೂಟರ್ ನಿಂತ ಸಪ್ಪಳ.

ಬಸವಕಿರಣ ಬಾಗಿಲಲ್ಲೇ ನಿಂತ. ನೆಲದ ಮೇಲಿನ ಹುಡಿ ನೋಡಿದ, ಡಬ್ಬಿ ನೋಡಿದ. ಯಾಕೂಬಸಾಬ ಇಬ್ಬರ ಮುಖವನ್ನೂ ನೋಡಿ, ಎಲ್ಲ ತಿಳಿದವನಂತೆ ಗರಗಸ ಎತ್ತಿಕೊಂಡು, ನಾಳೆ ಬರುತ್ತೇನೆಂದು ಹೊರಟುಹೋದ. ಗಂಡ ಕೂಗಾಡಿದ್ದರೆ ಚೆನ್ನಾಗಿತ್ತು. ಕೂಗಾಡಲಿಲ್ಲ. ಮೊಣಕಾಲೂರಿ ಕೂತು, ಸತ್ತವರ ಮುಖ ಮುಟ್ಟುವಂತೆ ಹೊಸ ಅಂಚನ್ನು ಮುಟ್ಟಿದ. ನನ್ನ ಚೀಟಿ ಎಲ್ಲಿ ಎಂದು ಕೇಳಿದ. ಪರ್ಸಿನಲ್ಲಿದೆ ಎಂದಳು.

“ಎಂಟು ತಿಂಗಳು ಗ್ರಾಫ್ ನೋಡೇನಿ ನಾ,” ಎಂದ, ಗೋಡೆಗೆ ಹೇಳುವವನ ಹಾಗೆ.

“ಹದಿನಾರು ವರ್ಷ ಕೇಳೇನ್ರಿ ನಾ,” ಎಂದಳು.

ಮದುವೆಯಾದಂದಿನಿಂದ ಅವನ ಮಾತಿಗೆ ಅಷ್ಟು ನೆಟ್ಟಗೆ ಮಾತು ಕೊಟ್ಟದ್ದಿಲ್ಲ. ಅವನು ಎದ್ದು ಕ್ಯಾಸೆಟ್ ಹಾಕಿದ. ಡಬ್ಬಿ ಕಿರುಚಿತು. ನಡುವಿನ ದನಿ ಉಳಿದೆರಡನ್ನೂ ತಳ್ಳಿ ಮುಂದೆ ಬಂದು ಸಂತೆಯಲ್ಲಿ ಜಗಳಾಡುವವಳ ಹಾಗೆ ನಿಂತಿತು. ಅವನ ತುಟಿಯ ಒಂದು ಬದಿ ಮೇಲೆದ್ದಿತು. ಅದನ್ನು ನೋಡಿ ಅವಳಿಗೆ ಭೂಮಿ ಬಾಯಿ ಬಿಡಬಾರದೇ ಅನ್ನಿಸಬೇಕಿತ್ತು. ಅನ್ನಿಸಲಿಲ್ಲ. ಕಿರುಚಿನ ಒಳಗೆ ಉಸಿರು ಇತ್ತು, ಅವಳಿಗೆ ಕೇಳುತ್ತಿತ್ತು.

“ದನಿ ಇಳಸ್ರಿ. ಇದೊಂದರದ್ದಽ ಇಳಸ್ರಿ. ಹೆಂಗ ಅಂತ ನಿಮಗ ಗೊತ್ತೈತಿ.”

ಅವನಿಗೆ ಗೊತ್ತಿತ್ತು. ಗೊತ್ತಿದೆ ಎಂಬುದನ್ನು ತೋರಿಸದೆ ಇರುವುದು ಅವನಿಂದ ಆಗದ ಕೆಲಸ. ಮೇಜಿನ ಖಾನೆ ಎಳೆದು, ಬಿಸ್ಕೀಟಿನ ಡಬ್ಬಿಯಿಂದ ದನಿ ತಗ್ಗಿಸುವ, ಸುಣ್ಣದ ಕಡ್ಡಿಯಂಥ ಒಂದು ರೆಸಿಸ್ಟರ್ ಹುಡುಕಿ ವೈರಿನ ನಡುವೆ ಸೇರಿಸಿದ. ಅವಳು ಎದುರು ಗೋಡೆಗೆ ಬೆನ್ನು ಕೊಟ್ಟು ಕಣ್ಣು ಮುಚ್ಚಿ ನಿಂತಳು. ಇನ್ನೂ ಒಂದು ಚೂರು ಎಂದಳು. ಬದಲಾಯಿಸಿದ. ಈಗ ಹೆಚ್ಚಾಯಿತು, ದೂರ ಹೋದರು ಎಂದಳು. ಮತ್ತೆ ಬದಲಾಯಿಸಿದ. ಮೊದಲ ಮೂರು ಸಲ ಮುಖ ಗಂಟಿಕ್ಕಿಕೊಂಡೇ ಮಾಡಿದ. ನಾಲ್ಕನೆಯ ಸಲ, ಯಾರು ದೂರ ಹೋದರು ಎಂದು ಕೇಳಿದ. ಐದನೆಯ ಸಲ ಅವಳು ಹೇಳುವ ಮೊದಲೇ ತಲೆಯಾಡಿಸಿ ತಾನೇ ಬಿಚ್ಚಿದ. ಬೆವರು ಇಳಿಯುತ್ತಿತ್ತು, ಅಂಗಿ ಕಳಚಿ ಬನಿಯನ್ನಿನಲ್ಲಿ ಕೂತ. ಹೊಸ್ತಿಲಲ್ಲಿ ಸಂಜೆಯ ಬಿಸಿಲು ಇನ್ನೂ ಇತ್ತು. ಒಲೆಯ ಮೇಲೆ ಏನೂ ಇಟ್ಟಿಲ್ಲ ಎಂಬುದು ಇಬ್ಬರಿಗೂ ನೆನಪಿರಲಿಲ್ಲ. ಏಳನೆಯದಕ್ಕೆ ಅವಳು ಸಾಕು ಎಂದಳು. ಹಾಡುವವಳು ಕ್ಯಾಸೆಟ್ಟಿನಿಂದ ಎದ್ದು ಬಂದು ಪಡಸಾಲೆಯ ನಡುವೆ ನಿಂತಿದ್ದಳು.

ಅವನಿಗೆ ಇನ್ನೂ ನಂಬಿಕೆ ಬಂದಿರಲಿಲ್ಲ. ಹಾಡುವವರನ್ನು ನಾನು ಕಂಡಿಲ್ಲ, ಅವರ ಖರೆ ದನಿ ಯಾವುದು ಅಂತ ಹೇಗೆ ಹೇಳಲಿ ಎಂದು ತನಗೆ ತಾನೇ ಅಂದುಕೊಂಡು, ಟೇಪ್ ರಿಕಾರ್ಡರಿಗೆ ಮೈಕು ಸಿಕ್ಕಿಸಿ ಅವಳ ಕೈಗೆ ಕೊಟ್ಟ. “ನೀನಽ ಏನಾರ ಮಾತಾಡು. ನಿನ್ನ ದನಿ ನನಗ ಗೊತ್ತೈತಿ.”

ಏನು ಮಾತಾಡುವುದು? ಮೈಕಿನ ತಣ್ಣನೆಯ ಜಾಲರಿ ತುಟಿಗೆ ತಾಗಿತು. ಯೋಚನೆಗಿಂತ ಮೊದಲು ಗಂಟಲೇ ಶುರು ಮಾಡಿತು. ಹುಬ್ಬಳ್ಳಿ ಟ್ರಂಕ್, ನಂಬರ್ ಹೇಳ್ರಿ. ಲೈನಿನ ಮ್ಯಾಲಽ ಇರ್ರಿ. ಮಾತಾಡ್ರಿ. ಮೂರು ನಿಮಿಷ ಆತ್ರಿ. ಅಷ್ಟು ಹೇಳಿ ಮೈಕು ಕೆಳಗಿಟ್ಟಳು. ಅವನು ಟೇಪನ್ನು ಹಿಂದಕ್ಕೆ ಸುತ್ತಿ ಹಚ್ಚಿದ.

ಎಷ್ಟೋ ಊರಿನವರು ಹದಿನಾರು ವರ್ಷ ಕೇಳಿದ ಆ ದನಿಯನ್ನು ಅವಳು ಒಂದು ದಿನವೂ ಕೇಳಿರಲಿಲ್ಲ. ಕಲ್ಲಿನಂಥ ದನಿ ಎಂದು ತಿಳಿದಿದ್ದಳು. ಡಬ್ಬಿಯಿಂದ ಬಂದದ್ದು ಸ್ವಲ್ಪ ಒಡಕು, ಸ್ವಲ್ಪ ಅಂಜಿಕೆ, ಬೆನ್ನ ಹಿಂದೆ ಯಾರೋ ನಿಂತಿರುವವಳ ದನಿ. ಮತ್ತು ‘ಮೂರು ನಿಮಿಷ’ ಅನ್ನುವ ಮೊದಲು ಸ್ಪಷ್ಟವಾಗಿ, ಕೋಣೆಯಲ್ಲಿ ಇನ್ನೊಬ್ಬಳು ನಿಂತು ತೆಗೆದುಕೊಂಡಂತೆ, ಒಂದು ಉಸಿರು. ಅದು ಈಗಿನ ಉಸಿರೋ ಆ ಮಧ್ಯಾಹ್ನದ್ದೋ ಅವಳಿಗೆ ಹೇಳಲಾಗಲಿಲ್ಲ. ಅವನಿಗೆ ಸತ್ಯವ್ವನ ಕಥೆ ಹೇಳಿದಳು. ಹನ್ನೆರಡು ವರ್ಷ ಯಾರಿಗೂ ಹೇಳದ್ದು ಎರಡು ನಿಮಿಷವೂ ಹಿಡಿಯಲಿಲ್ಲ. ಬಸವಕಿರಣ ಡಬ್ಬಿಯ ಎದುರು ನೆಲದ ಮೇಲೆ ಕೂತೇ ಕೇಳಿದ. ನಿನ್ನ ಕೆಲಸ ನೀನು ಮಾಡಿದೆ ಎಂದು ಹೇಳಲಿಲ್ಲ, ಮರೆತುಬಿಡು ಎಂದೂ ಹೇಳಲಿಲ್ಲ. ಏನು ಮಾತಿತ್ತೋ ಏನೋ ಎಂದಷ್ಟೇ ಹೇಳಿದ. ಅವಳು ಹೌದು ಎಂದಳು.

ಆಮೇಲೆ ಅವನು ಟೇಪನ್ನು ಇನ್ನೊಮ್ಮೆ ಹಿಂದಕ್ಕೆ ಸುತ್ತಿ ಕೇಳಿದ. ಮತ್ತೊಮ್ಮೆ ಕೇಳಿದ. ಅವನ ಮುಖ ಪರೀಕ್ಷೆಯ ಫಲಿತಾಂಶ ನೋಡಲು ಓಡುವ ಹುಡುಗನ ಮುಖದಂತಾಗುತ್ತಿತ್ತು. ಇದು ನಿನ್ನ ದನಿಯೇ, ನಾಳೆ ಆ ನಾಲ್ವರಿಗೂ ಮೊದಲು ಇದನ್ನೇ ಕೇಳಿಸುತ್ತೇನೆ ಎಂದ. ಬೇಡ ಎಂದಳು. ಕೇಳಿಸುತ್ತೇನೆ ಎಂದ. ಎದ್ದು, ಮೂಲೆಯಲ್ಲಿ ಇನ್ನೂ ರಟ್ಟು ಮುಚ್ಚಿಕೊಂಡು ನಿಂತಿದ್ದ ಎರಡನೆಯ ಡಬ್ಬಿಯನ್ನು ಅಪ್ಪಿ ಹಿಡಿದು, ನೆಲಕ್ಕೆ ಗೀರು ಬೀಳುವುದನ್ನೂ ಲೆಕ್ಕಿಸದೆ ನಡುವಿಗೆ ಎಳೆದು ತಂದು ಅಂಗಾತ ಮಲಗಿಸಿದ. ರಟ್ಟು ಕಿತ್ತೆಸೆದ. ಉಳಿದ ಕಪ್ಪು ಸ್ಪೀಕರನ್ನು ತೂತಿನ ಮೇಲೆ ಬೋರಲು ಇಟ್ಟು, ಅಲುಗಾಡದಂತೆ ಎರಡೂ ಕೈಯಿಂದ ಒತ್ತಿ ಹಿಡಿದ.

“ಪೆನ್ಸಿಲ್ ತಗೊ,” ಎಂದ. “ಸುತ್ತ ಗೆರಿ ನೀನಽ ಹೊಡಿ.”

ಅವಳು ಸೆರಗು ಸಿಕ್ಕಿಸಿ ಅವನೆದುರು ಮೊಣಕಾಲೂರಿದಳು. ಪಾಲಿಶಿನ ಮೇಲೆ ಪೆನ್ಸಿಲ್ ಮೊದಲು ಜಾರಿತು, ಆಮೇಲೆ ಹಿಡಿಯಿತು.